ಗ್ರೀಕ್ ಅಕ್ಷರಗಳ ಅಂಕಿತ

ಎಲ್ ಗ್ರೆಕೊ ಎಂದರೆ ಗ್ರೀಕನು ಎಂದಷ್ಟೇ ಅರ್ಥ. ಮೂವತ್ತೇಳು ವರ್ಷ ಸ್ಪೇನಿನಲ್ಲಿ ಬಾಳಿ ಅಲ್ಲಿಯೇ ಮಣ್ಣಾದ ಕಲಾವಿದನನ್ನು ಲೋಕವು ಇಂದಿಗೂ ಪರದೇಶಿಯ ಹೆಸರಿನಿಂದಲೇ ಕರೆಯುತ್ತಿದೆ. ಇದು ಅವನಿಗೆ ಅಪಚಾರವೆಂದು ಕೆಲವರು ಭಾವಿಸಬಹುದು. ನನಗಾದರೋ ಆ ಹೆಸರಿನಲ್ಲಿಯೇ ಅವನ ಕಲೆಯ ಕೀಲಿಕೈ ಇದೆಯೆಂದು ತೋರುತ್ತದೆ.

ಅವನ ನಿಜನಾಮ ದೊಮೆನಿಕೋಸ್ ಥಿಯೊಟೊಕೊಪುಲೋಸ್. ಹುಟ್ಟಿದ್ದು 1541ರಲ್ಲಿ, ಕ್ರೀಟ್ ದ್ವೀಪದಲ್ಲಿ. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ಕೈವಶವಾದ ಮೇಲೆ ಬೈಜಾಂಟಿಯಮ್ಮಿನ ಚಿತ್ರಪರಂಪರೆಗೆ ದೊಡ್ಡ ಆಸರೆಯಾದುದು ವೆನಿಸ್ಸಿನ ಆಳ್ವಿಕೆಯಲ್ಲಿದ್ದ ಈ ದ್ವೀಪ. ಮರದ ಹಲಗೆ, ಚಿನ್ನದ ರೇಕಿನ ಹಿನ್ನೆಲೆ, ಮೊಟ್ಟೆಯ ಹಳದಿಯಲ್ಲಿ ಕಲಸಿದ ಬಣ್ಣ, ಹಿರಿಯರು ಹಾಕಿಕೊಟ್ಟ ರೇಖೆ: ಇವುಗಳಿಂದ ಆದದ್ದು ಆರ್ಥಡಾಕ್ಸ್ ಭಕ್ತರು ದೀಪವಿಟ್ಟು ವಂದಿಸುವ ಐಕಾನ್. ಆದರೆ ಕ್ರೀಟಿನ ಚಿತ್ರಕಾರರಿಗೆ ಗಿರಾಕಿಗಳು ಎರಡು ಬಗೆ. 1499ರ ಒಂದು ಕರಾರಿನಂತೆ ಮೂವರು ಚಿತ್ರಕಾರರು ನಲವತ್ತೈದು ದಿನಗಳಲ್ಲಿ ಕನ್ಯಾಮರಿಯಳ 700 ಚಿತ್ರಗಳನ್ನು ಬರೆದುಕೊಡಬೇಕಾಗಿತ್ತು. ಅವುಗಳಲ್ಲಿ 500 ಲ್ಯಾಟಿನ್ ರೀತಿಯವು, 200 ಗ್ರೀಕ್ ರೀತಿಯವು. ಒಂದೇ ಕೈ ಎರಡು ಶೈಲಿಗಳಲ್ಲಿ ಪಳಗಿದ್ದ ಈ ಪರಿಸರದಲ್ಲಿ ದೊಮೆನಿಕೋಸ್ ಬೆಳೆದನು. 1563ರ ಹೊತ್ತಿಗೆ ಅವನು ಆಗಲೇ ಉಸ್ತಾದನೆನಿಸಿಕೊಂಡಿದ್ದನು.

1567ರ ಸುಮಾರಿಗೆ ಅವನು ವೆನಿಸ್ಸಿಗೆ ತೆರಳಿದನು. ಟಿಶಿಯನ್ ಮತ್ತು ಟಿಂಟೊರೆಟ್ಟೊ ಅವರ ಬಣ್ಣವನ್ನು ಅರಗಿಸಿಕೊಂಡು 1570ರಲ್ಲಿ ರೋಮನ್ನು ಸೇರಿದನು. 1577ರಲ್ಲಿ ಸ್ಪೇನಿಗೆ ಬಂದು ಟೊಲೆಡೊ ನಗರದಲ್ಲಿ ನೆಲೆಸಿದನು. ಅಲ್ಲಿ ಮನ್ನಣೆಯೊಡನೆ ಮುಖಭಂಗವೂ ಕಾದಿತ್ತು. ಕ್ರಿಸ್ತನ ವಸ್ತ್ರಾಪಹರಣದ ಚಿತ್ರದಲ್ಲಿ ಪ್ರಭುವಿನ ಶಿರಸ್ಸಿಗಿಂತ ಮೇಲೆ ಜನಜಂಗುಳಿಯ ತಲೆಗಳಿವೆಯೆಂದು ಆಕ್ಷೇಪ ಹುಟ್ಟಿತು; ಬೆಲೆಯ ವಿಷಯದಲ್ಲಿ ವ್ಯಾಜ್ಯವಾಯಿತು. ಹಿಂದೆ ನಿಂತವರನ್ನು ಮೇಲೆ ಮೇಲೆ ಪೇರಿಸಿ ತೋರಿಸುವುದು ಐಕಾನುಗಳ ಹಳೆಯ ಪದ್ಧತಿ ಎಂಬುದನ್ನು ಇಲ್ಲಿ ನೆನೆಯಬೇಕು. 1582ರಲ್ಲಿ ಒಪ್ಪಿಸಿದ ಸಂತ ಮಾರಿಸನ ಚಿತ್ರಕ್ಕೆ ಎರಡನೆಯ ಫಿಲಿಪ್ ದೊರೆ ಹಣವನ್ನೇನೋ ಕೊಟ್ಟನು. ಆದರೆ ಅದನ್ನು ಎಸ್ಕೊರಿಯಲ್ಲಿನ ಉದ್ದೇಶಿತ ಪೂಜಾವೇದಿಯ ಮೇಲೆ ಇಡಿಸಲಿಲ್ಲ. ಅರಮನೆಯ ಬಾಗಿಲು ಹೀಗೆ ಮುಚ್ಚಿತು.

1586ರಿಂದ 1588ರವರೆಗೆ ಸಂತ ತೋಮೆಯ ಚರ್ಚಿಗಾಗಿ ಅವನು ಬರೆದ ಒರ್ಗಾಸ್ ಪ್ರಭುವಿನ ಶವಸಂಸ್ಕಾರದ ಚಿತ್ರವೇ ಅವನ ಮೇರುಕೃತಿ. ಕೆಳಗೆ ಇಬ್ಬರು ಸಂತರು ಸ್ವರ್ಗದಿಂದಿಳಿದು ಪ್ರಭುವಿನ ದೇಹವನ್ನು ಸಮಾಧಿಗಿಳಿಸುತ್ತಿದ್ದಾರೆ. ಮೇಲೆ ದೇವದೂತನೊಬ್ಬನು ಅವನ ಆತ್ಮವನ್ನು ಮಂಜಿನ ಶಿಶುವಿನಂತೆ ಎತ್ತಿಕೊಂಡು ಹೋಗುತ್ತಿದ್ದಾನೆ. ಇದು ಸ್ಪೇನಿನ ಗಣ್ಯರ ಮುಖಗಳಿಂದ ತುಂಬಿದ ಚಿತ್ರ. ಆದರೆ 1983ರಲ್ಲಿ ಗ್ರೀಸಿನ ಸಿರೋಸ್ ದ್ವೀಪದ ಚರ್ಚೊಂದರಲ್ಲಿ ಮರಿಯಳ ಮಹಾನಿದ್ರೆಯ ಐಕಾನಿನ ಮೇಲೆ ದೊಮೆನಿಕೋಸನ ಅಂಕಿತ ಬೆಳಕಿಗೆ ಬಂದಿತು. ಅದು ಕ್ರೀಟಿನಲ್ಲಿದ್ದಾಗಿನ ಅವನ ಕೃತಿ. ಅಲ್ಲಿಯೂ ಕೆಳಗೆ ಮಲಗಿದ ದೇಹ, ಸುತ್ತ ಬಾಗಿದ ಜನ, ಮೇಲೆ ತೆರೆದ ಸ್ವರ್ಗ. ತಾಯಿಯ ಆತ್ಮ ಬಟ್ಟೆ ಸುತ್ತಿದ ಎಳೆಗೂಸಾಗಿ ಕ್ರಿಸ್ತನ ಕೈಯಲ್ಲಿದೆ. ಇಪ್ಪತ್ತು ವರ್ಷಗಳ ಮೇಲೆ, ಬೇರೆ ದೇಶದಲ್ಲಿ, ಎಣ್ಣೆಬಣ್ಣದಲ್ಲಿ ಮರಳಿ ಬಂದದ್ದು ಈ ದರ್ಶನವೇ ಎಂದು ನಾನು ನಂಬುತ್ತೇನೆ.

ಆ ಶವಸಂಸ್ಕಾರದ ಚಿತ್ರದ ಮುಂಭಾಗದಲ್ಲಿ ಒಬ್ಬ ಬಾಲಕನಿದ್ದಾನೆ. ಅವನು ಟೊಲೆಡೊದಲ್ಲಿ ಹುಟ್ಟಿದ ಚಿತ್ರಕಾರನ ಮಗ. ಅವನ ಕಿಸೆಯಿಂದ ಹೊರಚಾಚಿದ ಕರವಸ್ತ್ರದ ಮೇಲೆ ಮಗುವಿನ ಜನ್ಮವರ್ಷವಾದ 1578 ಎಂಬ ಇಸವಿಯೂ ತಂದೆಯ ಹೆಸರೂ ಇವೆ. ಹೆಸರು ಗ್ರೀಕ್ ಅಕ್ಷರಗಳಲ್ಲಿದೆ. 1614ರ ಏಪ್ರಿಲ್ 7ರಂದು ಕಣ್ಣುಮುಚ್ಚುವವರೆಗೂ ಅವನು ಆ ಲಿಪಿಯನ್ನು ಬಿಡಲಿಲ್ಲ. ಎಷ್ಟೋ ವೇಳೆ ಹೆಸರಿನ ಮುಂದೆ ಕ್ರೀಟಿನವನು ಎಂದೂ ಸೇರಿಸುತ್ತಿದ್ದನು. ಹೊಸದನ್ನು ಕಲಿಯುವವನು ಹಳೆಯದನ್ನು ತೊರೆಯಲೇಬೇಕೆಂಬ ಮಾತನ್ನು ನಾವು ಪದೇ ಪದೇ ಕೇಳುತ್ತೇವೆ. ಪಡುವಣದ ಬಣ್ಣವನ್ನೆಲ್ಲ ಕಲಿತ ಈ ಐಕಾನ್‌ಕಾರನ ಬಾಳು ಆ ಮಾತಿಗೆ ತಕ್ಕ ಉತ್ತರವಾಗಿದೆ.