ದೀನರ ವಿದ್ಯಾಬಂಧು ಕುದ್ಮುಲ್ ರಂಗರಾವ್



ಪಿ.ಯು.ಸಿ. ಫಲಿತಾಂಶ ಹೊರಬೀಳುವ ದಿನಗಳಲ್ಲಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ದಲಿತ ಕೇರಿಗಳಲ್ಲಿ ನಾವು ಎರಡು ಬಗೆಯ ಮನೆಗಳನ್ನು ಕಾಣುತ್ತೇವೆ. ಒಂದು ಮನೆಯ ಮಗ ಪದವಿ ವ್ಯಾಸಂಗಕ್ಕೆಂದು ತುಮಕೂರಿಗೋ ಬೆಂಗಳೂರಿಗೋ ಹೊರಡುತ್ತಾನೆ. ಇನ್ನೊಂದು ಮನೆಯ ಮಗ ತೇರ್ಗಡೆಯಾಗಿಯೂ ತೋಟಗಳಲ್ಲಿ ಕಾಯಿ ಸುಲಿಯುವ ಕೂಲಿಗೆ ನಿಲ್ಲುತ್ತಾನೆ. ಇಬ್ಬರ ಬುದ್ಧಿಶಕ್ತಿಯಲ್ಲಿ ಹೇಳಿಕೊಳ್ಳುವಂಥ ಅಂತರವಿರುವುದಿಲ್ಲ. ಅಂತರವಿರುವುದು ಬೇರೆಡೆ. ಅದು ಎಲ್ಲಿದೆ ಎಂಬುದನ್ನು ಶತಮಾನಕ್ಕೂ ಹಿಂದೆಯೇ ಅರಿತು, ಆ ಅರಿವಿನಂತೆ ಬಾಳಿದವರು ಮಂಗಳೂರಿನ ಕುದ್ಮುಲ್ ರಂಗರಾಯರು.

ರಂಗರಾಯರು 1859ರ ಜೂನ್ 29ರಂದು ಕಾಸರಗೋಡು ಸೀಮೆಯ ಬಡ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು, ಜೀವನೋಪಾಯ ಅರಸಿ ಮಂಗಳೂರಿಗೆ ಬಂದು ಶಾಲಾ ಶಿಕ್ಷಕರಾದರು. ದುಡಿಯುತ್ತಲೇ ಓದಿ, ಪರೀಕ್ಷೆಗಳನ್ನು ಮುಗಿಸಿ ವಕೀಲರಾದರು. ನ್ಯಾಯಾಲಯದಲ್ಲಿ ಬಡವರ ಪಕ್ಷ ವಹಿಸುವವರೆಂದು ಹೆಸರಾದರು. ಬ್ರಹ್ಮಸಮಾಜದ ವಿಚಾರಗಳು ಅವರನ್ನು ಬಲವಾಗಿ ಸೆಳೆದವು. ಅಸ್ಪೃಶ್ಯರೆಂದು ಊರಾಚೆ ನಿಲ್ಲಿಸಲ್ಪಟ್ಟವರ ಮಕ್ಕಳಿಗಾಗಿ 1892ರಲ್ಲಿ ಅವರು ಶಾಲೆಯೊಂದನ್ನು ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ವಿರೋಧ ಉಗ್ರವಾಗಿತ್ತು. ಶಾಲೆಯನ್ನು ಒಂದೆಡೆ ನೆಲೆಗೊಳಿಸಲಾಗದೆ ಸ್ಥಳ ಬದಲಿಸಬೇಕಾಯಿತು. ಸ್ವಜಾತಿಯವರು ಅವರ ಕುಟುಂಬಕ್ಕೇ ಬಹಿಷ್ಕಾರ ಹಾಕಿದರು. ಮೇಲ್ಜಾತಿಯ ಉಪಾಧ್ಯಾಯರು ಪಾಠ ಹೇಳಲು ಹಿಂಜರಿದಾಗ ಕ್ರೈಸ್ತ ಉಪಾಧ್ಯಾಯರು ಆ ಕೆಲಸಕ್ಕೆ ಮುಂದಾದರೆಂದು ಅವರ ಚರಿತ್ರೆಯಿಂದ ತಿಳಿಯುತ್ತದೆ.

ಶಾಲೆಯ ಬಾಗಿಲು ತೆರೆದರೂ ಮಕ್ಕಳು ಬರಲಿಲ್ಲ. ನಮ್ಮ ಗಮನ ನಿಲ್ಲಬೇಕಾದುದು ಇಲ್ಲಿ. ದನ ಕಾಯುವ, ಸೌದೆ ಹೊರುವ ಮಗು ಶಾಲೆಯಲ್ಲಿ ಕುಳಿತರೆ ಆ ದಿನದ ಗಂಜಿಗೆ ಕುತ್ತು. ತತ್ವಶಾಸ್ತ್ರದ ತರಗತಿಗಳಲ್ಲಿ ಅವಶ್ಯಕ ಕಾರಣವೆಂದೂ ಪರ್ಯಾಪ್ತ ಕಾರಣವೆಂದೂ ವಿಂಗಡಿಸಿ ನಮಗೆ ಕಲಿಸುತ್ತಿದ್ದರು. ಒಂದಿಲ್ಲದೆ ಕಾರ್ಯ ನಡೆಯದು, ಆದರೆ ಅದೊಂದೇ ಇದ್ದರೂ ನಡೆಯದು. ಶುಲ್ಕವಿಲ್ಲದ ಶಾಲೆ ಅಂಥ ಅವಶ್ಯಕ ಕಾರಣ ಮಾತ್ರ. ಇದನ್ನು ರಂಗರಾಯರು ಅನುಭವದಿಂದ ಕಂಡುಕೊಂಡರು. ಶಾಲೆಗೆ ಬಂದ ಮಗುವಿಗೆ ಮಧ್ಯಾಹ್ನದ ಊಟ ಕೊಟ್ಟರು; ದಿನವೂ ಕೈಗೆ ಒಂದಿಷ್ಟು ಕಾಸನ್ನೂ ಕೊಟ್ಟರು. ಅದನ್ನು ಆಮಿಷವೆಂದು ಕರೆದವರಿದ್ದಿರಬಹುದು. ಅದು ಮಗು ಕಳೆದುಕೊಂಡ ಕೂಲಿಯ ಭರ್ತಿ ಎಂದೇ ನಾವು ಭಾವಿಸುತ್ತೇವೆ. ದೂರದ ಊರಿನ ಮಕ್ಕಳಿಗೆ ಮಂಗಳೂರಿನ ಶೇಡಿಗುಡ್ಡೆಯಲ್ಲಿ ವಿದ್ಯಾರ್ಥಿನಿಲಯ ಎದ್ದಿತು. ನೇಯ್ಗೆ, ಮರಗೆಲಸಗಳ ತರಬೇತಿಯೂ ಅಲ್ಲಿ ನಡೆಯಿತು. ಸರಕಾರದಿಂದ ಭೂಮಿ ದೊರಕಿಸಿ ದಲಿತ ಕುಟುಂಬಗಳಿಗೆ ಮನೆ ನೆಲೆಯನ್ನೂ ಕಲ್ಪಿಸಿದರು. ಹಿಡಿ ಮಣ್ಣೂ ಇಲ್ಲದ ಮನೆಯ ಮಗ ಎಷ್ಟು ದೂರ ಓದಿಯಾನು?

ಓದು ನಡುದಾರಿಯಲ್ಲಿ ನಿಲ್ಲುವ ಸಂಕಟ ಡಾ. ಅಂಬೇಡ್ಕರರನ್ನೂ ಬಿಡಲಿಲ್ಲ. ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ 1913ರಲ್ಲಿ ಅಮೆರಿಕದ ಕೊಲಂಬಿಯ ವಿಶ್ವವಿದ್ಯಾನಿಲಯ ಸೇರಿದ ಅವರು, ಆ ವೇತನದ ಅವಧಿ ಮುಗಿದುದರಿಂದ 1917ರಲ್ಲಿ ಲಂಡನ್ನಿನ ವ್ಯಾಸಂಗವನ್ನು ಅರ್ಧಕ್ಕೇ ಬಿಟ್ಟು ಮರಳಬೇಕಾಯಿತು. ಸ್ವಂತ ಉಳಿತಾಯ, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಮಿತ್ರರೊಬ್ಬರ ಸಾಲ ಇವುಗಳನ್ನು ಕೂಡಿಸಿಕೊಂಡು 1920ರಲ್ಲಿ ಮತ್ತೆ ಹೊರಟರು. ಅಂಥ ಮೇಧಾವಿಯ ಗತಿಯೇ ಹೀಗಾದರೆ ಸಾಧಾರಣ ವಿದ್ಯಾರ್ಥಿಯ ಪಾಡೇನು?

ನಮ್ಮ ಧರ್ಮಕೇಂದ್ರಗಳಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. 1950ರ ರಾಷ್ಟ್ರಪತಿಗಳ ಆದೇಶವು ಪರಿಶಿಷ್ಟ ಜಾತಿಯ ಸ್ಥಾನವನ್ನು ಧರ್ಮಕ್ಕೆ ಕಟ್ಟಿಹಾಕಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಅದರೊಳಗೆ ಸೇರಿಸಲಾಯಿತು. ದಲಿತ ಕ್ರೈಸ್ತರು ಹೊರಗೇ ಉಳಿದರು. ನಮ್ಮ ರಾಜ್ಯದಲ್ಲಿ ಅವರು ಹಿಂದುಳಿದ ವರ್ಗಗಳ ಪ್ರವರ್ಗ ಒಂದರಲ್ಲಿ ಬರುತ್ತಾರೆ. ಪರಿಶಿಷ್ಟ ಜಾತಿಯ ವಿದ್ಯಾರ್ಥಿವೇತನ ಅವರಿಗಿಲ್ಲ. ಹೀಗಾಗಿ ಒಂದೇ ಕೇರಿಯ, ಒಂದೇ ಬಡತನದ ಇಬ್ಬರು ಮಕ್ಕಳಲ್ಲಿ ಜ್ಞಾನಸ್ನಾನ ಪಡೆದ ಮಗುವಿನ ಭಾರ ಯಾರದೆಂಬ ಪ್ರಶ್ನೆಗೆ ತೋಟವುಳ್ಳ ನಮ್ಮ ಕುಟುಂಬಗಳೂ ಉತ್ತರಿಸಬೇಕಾಗಿದೆ. ಉತ್ತರ ಮೊದಲ ವರ್ಷದ ಶುಲ್ಕದ ರಸೀದಿಗೆ ಮುಗಿಯುವುದಿಲ್ಲ. ಮೂರು ವರ್ಷದ ಊಟ, ವಸತಿ, ಬಸ್ಸಿನ ಖರ್ಚು, ಮನೆಗೆ ತಪ್ಪಿದ ಕೂಲಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ರಂಗರಾಯರು ಹೆಣ್ಣುಮಕ್ಕಳ ವಿದ್ಯೆಯನ್ನೂ ಎತ್ತಿಹಿಡಿದವರು. ಮಗಳು ರಾಧಾಬಾಯಿ ಆಕ್ಸ್‌ಫರ್ಡಿನವರೆಗೆ ಓದಿದರು. ಮುಂದೆ ಮದ್ರಾಸಿನ ಮುಖ್ಯಮಂತ್ರಿಯಾದ ಡಾ. ಪಿ. ಸುಬ್ಬರಾಯನ್ ಅವರನ್ನು ಜಾತಿಯ ಗೋಡೆ ದಾಟಿ ವರಿಸಿದರು. 1930ರ ದುಂಡುಮೇಜಿನ ಪರಿಷತ್ತಿನಲ್ಲಿ ಅಂಬೇಡ್ಕರರೊಡನೆ ಪ್ರತಿನಿಧಿಯಾಗಿ ಕುಳಿತವರಲ್ಲಿ ಈ ಮಗಳೂ ಒಬ್ಬರು. ತಂದೆಗೆ ಅದನ್ನು ಕಾಣುವ ಭಾಗ್ಯವಿರಲಿಲ್ಲ.

ಆರೋಗ್ಯ ಕುಗ್ಗಿದಾಗ ರಂಗರಾಯರು ಮಿಷನ್ನಿನ ಹೊಣೆಯನ್ನು ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಗೆ ಒಪ್ಪಿಸಿದರು. ತಾವು ಓದಿಸಿದ ಮಕ್ಕಳಲ್ಲೊಬ್ಬ ಅಧಿಕಾರಿಯಾಗಿ ಊರ ಬೀದಿಯಲ್ಲಿ ಕಾರಿನಲ್ಲಿ ಸಾಗಬೇಕು, ಆ ಕಾರು ಎಬ್ಬಿಸಿದ ಧೂಳು ತಮ್ಮ ತಲೆಯನ್ನು ಸೋಕಬೇಕು ಎಂಬುದು ಅವರ ಹಂಬಲವಾಗಿತ್ತು. 1927ರಲ್ಲಿ ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರಾದರು. 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ದೇಹವನ್ನು ತೋಟಿಗಳೇ ಹೊತ್ತು ಅಂತ್ಯಕ್ರಿಯೆ ನಡೆಸಬೇಕೆಂದು ಅವರು ಮೊದಲೇ ತಿಳಿಸಿದ್ದರು.