ಡೋಲಿ, ಹಡಗು, ಒಂಟೆ: ಇಬ್ನ್ ಬತೂತರ ಪಯಣ

ನಂಜನಗೂಡನ್ನು ಬಳಸಿ ಹರಿಯುವ ಕಪಿಲೆ ಟಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಆ ದಡದಿಂದ ಈ ದಡಕ್ಕೆ ಹರಿಗೋಲಿನಲ್ಲಿ ದಾಟಿ, ಎತ್ತಿನ ಗಾಡಿಯಲ್ಲಿ ಸಂತೆಗೆ ಹೋಗಿ, ಜಟಕಾ ಹತ್ತಿ ರೈಲು ಹಿಡಿಯುತ್ತಿದ್ದ ಹಿರಿಯರ ಮಾತು ನಮ್ಮ ಸೀಮೆಯ ಮನೆಗಳಲ್ಲಿ ಈಗಲೂ ಬರುವುದುಂಟು. ಅವರಿಗೆ ಮೈಸೂರು ಮುಟ್ಟುವುದೇ ದೊಡ್ಡ ಪ್ರಯಾಣ. ಹಾಗಿರುವಾಗ, ಸುಮಾರು 700 ವರ್ಷಗಳ ಹಿಂದೆ ಮೊರಾಕ್ಕೊ ದೇಶದಿಂದ ಹೊರಟು ನಮ್ಮ ಕರಾವಳಿಯ ಹೊನ್ನಾವರದವರೆಗೆ ಬಂದ ಒಬ್ಬ ಮನುಷ್ಯ ಏನೇನನ್ನು ಏರಿ ಇಳಿದಿರಬೇಕು!

ಆತನೇ ಇಬ್ನ್ ಬತೂತ. 1304ರ ಫೆಬ್ರವರಿಯಲ್ಲಿ ಟ್ಯಾಂಜಿಯರ್ ನಗರದಲ್ಲಿ ಖಾಝಿಗಳ ಮನೆತನದಲ್ಲಿ ಜನಿಸಿದರು. 1325ರ ಜೂನ್ ತಿಂಗಳಲ್ಲಿ, 21ನೇ ವಯಸ್ಸಿನಲ್ಲಿ, ತಂದೆ ತಾಯಿ ಇಬ್ಬರನ್ನೂ ಬಿಟ್ಟು ಒಂಟಿಯಾಗಿ ಹಜ್ಜ್‌ಗೆ ಹೊರಟರು. ಹಜ್ಜ್ ಮುಗಿಸಿ ಊರಿಗೆ ಮರಳುವುದು ವಾಡಿಕೆ. ಇವರು ಮರಳಿದ್ದು 24 ವರ್ಷಗಳ ನಂತರ. ಸಾಧ್ಯವಾದಷ್ಟೂ ಹೋದ ದಾರಿಯಲ್ಲೇ ಮತ್ತೆ ಹೋಗಬಾರದೆಂಬುದು ಅವರು ತಮಗೆ ತಾವೇ ಹಾಕಿಕೊಂಡ ನಿಯಮವಾಗಿತ್ತು.

ಮರುಭೂಮಿಯಲ್ಲಿ ಒಂಟೆ, ಆಫ್ರಿಕಾದ ಪೂರ್ವ ಕರಾವಳಿಗೆ ಹಾಯಿಹಡಗು, ಕಪ್ಪು ಸಮುದ್ರದಾಚೆಯ ಹುಲ್ಲುಗಾವಲಿನಲ್ಲಿ ನಾಲ್ಕು ಚಕ್ರದ ಗಾಡಿ. ಈ ಗಾಡಿ ಅವರಿಗೆ ಬಹಳ ಹಿಡಿಸಿತು. ಮರದ ಪಟ್ಟಿಗಳನ್ನು ತೊಗಲಿನಿಂದ ಬಿಗಿದು, ಮೇಲೆ ಕಂಬಳಿ ಹೊದಿಸಿ ಮಾಡಿದ ಗುಡಾರವನ್ನೇ ಗಾಡಿಯ ಮೇಲೆ ಕೂರಿಸುತ್ತಿದ್ದರು. ಅದರೊಳಗೆ ಕುಳಿತವರು ಕಿಂಡಿಯಿಂದ ಹೊರಗಿನವರನ್ನು ನೋಡಬಹುದು, ಹೊರಗಿನವರಿಗೆ ಒಳಗಿನವರು ಕಾಣುವುದಿಲ್ಲ. ಗಾಡಿ ಸಾಗುತ್ತಿರುವಾಗಲೇ ಉಣ್ಣಬಹುದು, ಮಲಗಬಹುದು, ಓದಬಹುದು, ಬರೆಯಬಹುದು. ಇನ್ನೂ ಉತ್ತರಕ್ಕೆ ಹಿಮದ ಮೇಲೆ ನಾಯಿಗಳು ಎಳೆಯುವ ಬಂಡಿಗಳಿವೆ ಎಂದು ಕೇಳಿದರು. ಆದರೆ ಖರ್ಚು ಹೆಚ್ಚು, ಲಾಭ ಕಡಿಮೆ ಎಂದು ಅಲ್ಲಿಗೆ ಹೋಗಲಿಲ್ಲ. ಅಷ್ಟು ದೊಡ್ಡ ಪ್ರಯಾಣಿಕರೂ ಕೈಯಲ್ಲಿನ ಹಣವನ್ನು ಎಣಿಸಿಯೇ ಹೆಜ್ಜೆ ಇಡುತ್ತಿದ್ದರು!

1333ರಲ್ಲಿ ಸಿಂಧೂ ನದಿ ತೀರಕ್ಕೆ ಬಂದಾಗ ಅವರನ್ನು ಬೆರಗುಗೊಳಿಸಿದ್ದು ಇಲ್ಲಿನ ಅಂಚೆ. ಕುದುರೆಯ ಅಂಚೆಗಿಂತ ಕಾಲಾಳಿನ ಅಂಚೆಯೇ ವೇಗವಾಗಿತ್ತು. ಪ್ರತಿ ಮೈಲಿಗೆ ಮೂರು ಕಟ್ಟೆ. ಓಟಗಾರನ ಒಂದು ಕೈಯಲ್ಲಿ ಪತ್ರ, ಇನ್ನೊಂದು ಕೈಯಲ್ಲಿ ತಾಮ್ರದ ಗೆಜ್ಜೆ ಕಟ್ಟಿದ ಕೋಲು. ಗೆಜ್ಜೆಯ ಸದ್ದು ಕಿವಿಗೆ ಬಿದ್ದೊಡನೆ ಮುಂದಿನ ಕಟ್ಟೆಯವನು ಸಿದ್ಧನಾಗುತ್ತಿದ್ದನು. ಪ್ರಯಾಣಿಕರಿಗೆ 50 ದಿನ ಹಿಡಿಯುವ ದಾರಿಯನ್ನು ಪತ್ರ 5 ದಿನಗಳಲ್ಲಿ ಮುಗಿಸಿ ದೆಹಲಿ ತಲುಪುತ್ತಿತ್ತು. ದೆಹಲಿಯಲ್ಲಿ ಕಂಡದ್ದು ಡೋಲಿ. ಎಂಟು ಜನ ಬೋವಿಗಳು, ನಾಲ್ವರು ಹೊತ್ತರೆ ನಾಲ್ವರಿಗೆ ವಿಶ್ರಾಂತಿ. ಬಜಾರಿನಲ್ಲೂ ಸುಲ್ತಾನರ ಅರಮನೆಯ ಬಾಗಿಲಲ್ಲೂ ಬಾಡಿಗೆಗಾಗಿ ಡೋಲಿಯವರು ಕಾದಿರುತ್ತಿದ್ದರು, ಇಂದು ನಮ್ಮ ಬಸ್ ನಿಲ್ದಾಣದ ಎದುರು ಆಟೋಗಳು ನಿಲ್ಲುವಂತೆ.

ಮುಹಮ್ಮದ್ ಬಿನ್ ತುಘಲಕ್ ಅವರನ್ನು ದೆಹಲಿಯ ಖಾಝಿಯಾಗಿ ನೇಮಿಸಿದನು. ಕೆಲವು ವರ್ಷಗಳ ನಂತರ ನೂರು ಕುದುರೆಗಳೂ ಸೇರಿದಂತೆ ಅಪಾರ ಕಾಣಿಕೆಗಳನ್ನು ಕೊಟ್ಟು ಚೀನಾದ ಚಕ್ರವರ್ತಿಯ ಬಳಿಗೆ ರಾಯಭಾರಿಯಾಗಿ ಕಳುಹಿಸಿದನು. ಗುಜರಾತಿನಲ್ಲಿ ಹಡಗು ಹತ್ತಿದ ಅವರು ಗೋವೆಯನ್ನು ದಾಟಿ ಹೊನ್ನಾವರಕ್ಕೆ ಬಂದರು.

ಹೊನ್ನಾವರದ ಬಗ್ಗೆ ಅವರು ದಾಖಲಿಸಿದ ಒಂದು ಸಂಗತಿ ನಮ್ಮಂಥ ವಿದ್ಯಾಸಂಸ್ಥೆಗಳವರು ಮರೆಯಬಾರದಂಥದ್ದು. ಆ ಸಣ್ಣ ಬಂದರಿನಲ್ಲಿ ಗಂಡುಮಕ್ಕಳಿಗೆ 23 ಶಾಲೆಗಳೂ ಹೆಣ್ಣುಮಕ್ಕಳಿಗೆ 13 ಶಾಲೆಗಳೂ ಇದ್ದವು. ಅಲ್ಲಿನ ಮಹಿಳೆಯರಿಗೆ ಕುರ್‌ಆನ್ ಕಂಠಪಾಠವಾಗಿತ್ತು. ಇದನ್ನು ಬೇರೆಲ್ಲೂ ಕಾಣಲಿಲ್ಲವೆಂದು ಅವರು ಹೇಳಿದ್ದಾರೆ. ಮಕ್ಕಾ, ಡಮಾಸ್ಕಸ್, ಕೈರೋಗಳನ್ನು ಕಂಡು ಬಂದವರ ಸಾಕ್ಷಿ ಇದು. ಹೆಣ್ಣುಮಕ್ಕಳ ಓದು ನಮ್ಮಲ್ಲಿ ಹೊಸದಾಗಿ ಬಂದದ್ದು ಎಂದು ವಾದಿಸುವವರು ಕರ್ನಾಟಕದ್ದೇ ಆದ ಈ ಲೆಕ್ಕವನ್ನೊಮ್ಮೆ ನೋಡಬೇಕು.

ಅಲ್ಲಿನ ಸುಲ್ತಾನ ಜಮಾಲುದ್ದೀನರ ಊಟದಲ್ಲಿ ಅನ್ನ, ತುಪ್ಪ, ಮಾವು ಮತ್ತು ಶುಂಠಿಯ ಉಪ್ಪಿನಕಾಯಿ, ಕೋಳಿ, ಮೀನು, ಕೊನೆಗೆ ಮೊಸರು. ಮುಂದೊಮ್ಮೆ 11 ತಿಂಗಳು ಅವರ ಬಳಿ ಉಳಿದಾಗ ರೊಟ್ಟಿಯ ಮುಖವನ್ನೇ ಕಾಣಲಿಲ್ಲವಂತೆ. ಗೋಧಿ ತಿಂದು ಬೆಳೆದವರ ಪಾಡನ್ನು ಊಹಿಸಿಕೊಳ್ಳಬಹುದು.

ಗೋವೆಯಿಂದ ಕೊಲ್ಲಂವರೆಗಿನ ಕರಾವಳಿ ದಾರಿ ಎರಡು ತಿಂಗಳ ನಡಿಗೆ, ಉದ್ದಕ್ಕೂ ಮರಗಳ ನೆರಳು. ಅರ್ಧ ಮೈಲಿಗೊಂದು ಮರದ ತಂಗುಮನೆ, ಜಗಲಿ, ಬಾವಿ, ನೀರು ಕೊಡಲು ಒಬ್ಬ ಆಳು. ರಾಜರನ್ನು ಬಿಟ್ಟರೆ ಯಾರೂ ಕುದುರೆ ಏರುವಂತಿಲ್ಲ. ಉಳ್ಳವರಿಗೆ ಡೋಲಿ, ಇಲ್ಲದವರಿಗೆ ಕಾಲು. ವರ್ತಕರ ಸರಕು ಕೂಲಿಯಾಳುಗಳ ಬೆನ್ನ ಮೇಲೆ. ಬಾರ್ಕೂರು, ಮಂಗಳೂರುಗಳಲ್ಲೂ ಅವರು ತಂಗಿದರು. ಮಂಗಳೂರಿನಲ್ಲಿ ಆಗ ಸುಮಾರು 4000 ಮುಸ್ಲಿಮರಿದ್ದರು, ಯೆಮೆನ್ ಮತ್ತು ಪರ್ಷಿಯಾದ ವರ್ತಕರು ಕಾಳುಮೆಣಸಿಗಾಗಿ ಬರುತ್ತಿದ್ದರು.

ಕೋಝಿಕ್ಕೋಡ್‌ನಲ್ಲಿ 13 ಚೀನೀ ಹಡಗುಗಳು ಲಂಗರು ಹಾಕಿದ್ದವು. ದೊಡ್ಡ ಹಡಗಿನಲ್ಲಿ ನಾಲ್ಕು ಅಂತಸ್ತು, ಸಾವಿರ ಜನ. ಮರದ ತೊಟ್ಟಿಗಳಲ್ಲಿ ಸೊಪ್ಪು, ಶುಂಠಿಯನ್ನೂ ಬೆಳೆಯುತ್ತಿದ್ದರು. ಕಾಣಿಕೆಗಳು ದೊಡ್ಡ ಹಡಗಿಗೆ, ತಮ್ಮ ಸಾಮಾನು ಮತ್ತು ಪರಿವಾರ ಚಿಕ್ಕದಕ್ಕೆ ಎಂದು ಹಂಚಿದ ಇಬ್ನ್ ಬತೂತರು ಜುಮಾ ನಮಾಝ್‌ಗಾಗಿ ದಡದಲ್ಲೇ ಉಳಿದರು. ರಾತ್ರಿ ಬಿರುಗಾಳಿ ಎದ್ದಿತು. ದೊಡ್ಡ ಹಡಗು ಒಡೆದು ಅದರಲ್ಲಿದ್ದವರ ಶವಗಳು ದಡಕ್ಕೆ ಬಂದವು. ಚಿಕ್ಕ ಹಡಗಿನವರು ಹಾಯಿ ಬಿಚ್ಚಿ ಹೊರಟೇಹೋದರು. ಸುಲ್ತಾನನ ರಾಯಭಾರಿಯ ಬಳಿ ಉಳಿದದ್ದು 10 ದೀನಾರ್ ಮತ್ತು ತಾವು ಮಲಗಿದ್ದ ಒಂದು ಜಮಖಾನ. ದೆಹಲಿಗೆ ಮರಳಿದರೆ ತುಘಲಕನ ಕೋಪಕ್ಕೆ ಗುರಿಯಾಗಬೇಕಿತ್ತು. ಅವರು ಮರಳಿ ಬಂದದ್ದು ಹೊನ್ನಾವರಕ್ಕೆ. ಅಲ್ಲಿನ ಮಸೀದಿಯಲ್ಲಿ ದಿನಕ್ಕೊಂದು ಬಾರಿ ಇಡೀ ಕುರ್‌ಆನ್ ಪಾರಾಯಣ ಮಾಡುತ್ತಾ ಕಾಲ ಕಳೆದರು.

ಮುಂದೆ ಮಾಲ್ಡೀವ್ಸ್‌ನಲ್ಲಿ ಖಾಝಿಯಾದರು, ಶ್ರೀಲಂಕಾ ಕಂಡರು. ಮಧುರೆಯಲ್ಲಿ ಹೊಯ್ಸಳ ದೊರೆ ಮೂರನೇ ಬಲ್ಲಾಳನ ಕೊನೆಯ ಕುರುಹನ್ನು ಕಣ್ಣಾರೆ ನೋಡಿದರು: 80 ದಾಟಿದ ಆ ಮುದುಕನನ್ನು ಕೊಂದು, ಚರ್ಮ ಸುಲಿದು, ಹುಲ್ಲು ತುಂಬಿ ಕೋಟೆಗೋಡೆಗೆ ತೂಗುಹಾಕಲಾಗಿತ್ತು. ಸೋಮನಾಥಪುರದ ದೇಗುಲ ಕಟ್ಟಿದ ರಾಜ್ಯದ ಕಡೆಯ ದೊಡ್ಡ ದೊರೆಯ ಗತಿ ಅದು. ಕೊಂದ ಸುಲ್ತಾನ ತಮ್ಮ ಬಂಧುವೇ ಆಗಿದ್ದರೂ ಆತನ ಕ್ರೌರ್ಯಗಳನ್ನು ಇಬ್ನ್ ಬತೂತರು ಮುಚ್ಚಿಡಲಿಲ್ಲ ಎಂಬುದನ್ನು ಹೇಳಲೇಬೇಕು.

ಮತ್ತೊಮ್ಮೆ ಹೊನ್ನಾವರಕ್ಕೆ ಹೊರಟಾಗ ಬಾರ್ಕೂರಿಗೂ ಹೊನ್ನಾವರಕ್ಕೂ ನಡುವೆ 12 ಹಡಗುಗಳಲ್ಲಿ ಬಂದ ಕಡಲುಗಳ್ಳರು ಉಟ್ಟ ಇಜಾರೊಂದನ್ನು ಬಿಟ್ಟು ಎಲ್ಲವನ್ನೂ ದೋಚಿದರು. ರತ್ನಗಳು ಹೋದದ್ದು ಹಾಗಿರಲಿ, ಬುಖಾರಾದ ವಿದ್ವಾಂಸರ ಸಮಾಧಿಗಳ ಮೇಲಿನ ಬರಹಗಳನ್ನು ನಕಲು ಮಾಡಿಕೊಂಡಿದ್ದ ಟಿಪ್ಪಣಿಗಳೂ ಸಮುದ್ರದ ಮೇಲಾದ ಇಂಥ ದರೋಡೆಯಲ್ಲೇ ಹೋದವು.

ಬಂಗಾಳ, ಸುಮಾತ್ರಾ, ಚೀನಾಗಳನ್ನು ಸುತ್ತಿ 1349ರಲ್ಲಿ ಮೊರಾಕ್ಕೊ ತಲುಪಿದರು. ಚೀನಾದಲ್ಲಿ ಅವರು ಎಲ್ಲಿಯವರೆಗೆ ಹೋಗಿದ್ದರೆಂಬ ಬಗ್ಗೆ ವಿದ್ವಾಂಸರಲ್ಲಿ ಸಂದೇಹಗಳಿವೆ. ಸಿಡುಬಿಗಿಂತ ಭೀಕರವಾದ ಪ್ಲೇಗ್ ಆಗ ಹಬ್ಬಿತ್ತು. ತಂದೆ ತೀರಿಹೋಗಿ ವರ್ಷಗಳೇ ಆಗಿದ್ದವು. ತಾಯಿಯನ್ನು ಅದೇ ಪ್ಲೇಗ್ ಕೊಂಡೊಯ್ದಿತ್ತು. ಮಗ ಊರಿಗೆ ಬಂದು ತಾಯಿಯ ಖಬರಸ್ತಾನಕ್ಕೆ ಹೋದರು. ಆಮೇಲೂ ಸ್ಪೇನಿಗೆ, ಬಳಿಕ ಒಂಟೆಗಳ ಸಾಲಿನೊಡನೆ ಸಹಾರಾ ದಾಟಿ ಮಾಲಿಗೆ ಹೋಗಿಬಂದರು.

ಸುಲ್ತಾನ ಅಬೂ ಇನಾನರ ಆಜ್ಞೆಯಂತೆ ಅವರು ನೆನಪಿನಿಂದ ಹೇಳುತ್ತಾ ಹೋದುದನ್ನು ಇಬ್ನ್ ಜುಝಯ್ ಎಂಬ ವಿದ್ವಾಂಸರು ಬರೆದುಕೊಂಡರು. 1355ರ ಡಿಸೆಂಬರಿನಲ್ಲಿ ಆ ಗ್ರಂಥ ಮುಗಿಯಿತು. ಅದಾದ ಮೇಲೆ ಒಂದು ಊರಿನ ಖಾಝಿಯಾಗಿ ಕೆಲಸ ಮಾಡಿಕೊಂಡಿದ್ದು, 1368 ಅಥವಾ 1369ರಲ್ಲಿ ತಮ್ಮ ನಾಡಿನಲ್ಲೇ ಕಣ್ಣುಮುಚ್ಚಿದರು.