ಕೆನಡಾದ ಮುತ್ಸದ್ದಿ ಸರ್ ವಿಲ್ಫ್ರಿಡ್ ಲಾರಿಯೆ

ಶಾಲೆಯಲ್ಲಿ ಮಕ್ಕಳಿಗೆ ಯಾವ ಭಾಷೆಯಲ್ಲಿ ಪಾಠ ಹೇಳಬೇಕು, ಯಾವ ಧರ್ಮದ ಬೋಧೆ ನೀಡಬೇಕು ಎಂಬ ಪ್ರಶ್ನೆಯ ಸುಳಿಗೆ ಸಿಕ್ಕಿ ಒಂದು ದೇಶದ ಸರ್ಕಾರವೇ ಉರುಳಿದ ಪ್ರಸಂಗಗಳು ಇತಿಹಾಸದಲ್ಲಿ ವಿರಳ. 1896ರಲ್ಲಿ ಕೆನಡಾ ದೇಶದಲ್ಲಿ ಅಂಥದೊಂದು ಪ್ರಸಂಗ ನಡೆಯಿತು. ಹದಿನೆಂಟು ವರ್ಷ ಆಳಿದ್ದ ಕನ್ಸರ್ವೇಟಿವ್ ಪಕ್ಷವು ಅಧಿಕಾರ ಕಳೆದುಕೊಂಡಿತು. ಫ್ರೆಂಚ್ ಮಾತೃಭಾಷೆಯ ಹಳ್ಳಿಯ ವಕೀಲರೊಬ್ಬರು ಮೊಟ್ಟಮೊದಲಿಗೆ ಆ ದೇಶದ ಪ್ರಧಾನಮಂತ್ರಿಯಾದರು. ಅವರೇ ವಿಲ್ಫ್ರಿಡ್ ಲಾರಿಯೆ. ಮುಂದೆ ಹದಿನೈದು ವರ್ಷಗಳ ಕಾಲ ಅವರು ಎಡೆಬಿಡದೆ ಆ ಸ್ಥಾನದಲ್ಲಿದ್ದರು.

ಅಂದಿನ ಕೆನಡಾ ಎರಡು ಜನಾಂಗಗಳ, ಎರಡು ಭಾಷೆಗಳ, ಎರಡು ಕ್ರೈಸ್ತ ಪಂಥಗಳ ಕೂಡುಮನೆ. ಕ್ವಿಬೆಕ್ ಸೀಮೆಯಲ್ಲಿ ನೆಲೆನಿಂತ ಫ್ರೆಂಚರು ಕ್ಯಾಥೊಲಿಕರು. 1763ರಲ್ಲಿ ಆ ಸೀಮೆ ಬ್ರಿಟಿಷರ ವಶವಾದ ಮೇಲೆ ಬಂದು ತುಂಬಿದ ಆಂಗ್ಲರು, ಸ್ಕಾಟರು ಬಹುಮಟ್ಟಿಗೆ ಪ್ರಾಟೆಸ್ಟಂಟರು. 1867ರಲ್ಲಿ ಪ್ರಾಂತಗಳು ಕೂಡಿ ಒಕ್ಕೂಟವಾದರೂ ಮನಸ್ಸುಗಳು ಕೂಡಿರಲಿಲ್ಲ. ಒಂದೇ ಸೂರಿನಡಿ ಬೇರೆ ಬೇರೆ ಒಲೆ ಹೂಡಿದಂತೆ ಉಭಯ ಪಂಗಡಗಳು ಬಾಳುತ್ತಿದ್ದವು.

ಲಾರಿಯೆಯವರು ಹುಟ್ಟಿದ್ದು 1841ರ ನವೆಂಬರ್ 20ರಂದು, ಕ್ವಿಬೆಕ್ಕಿನ ಸೇಂಟ್ ಲಿನ್ ಎಂಬ ಗ್ರಾಮದಲ್ಲಿ. ತಂದೆ ಕರೋಲಸ್ ಲಾರಿಯೆ ಒಕ್ಕಲುತನದ ಜೊತೆಗೆ ಮೋಜಣಿಯ ಕಸುಬನ್ನೂ ಮಾಡಿಕೊಂಡಿದ್ದವರು. ಬಾಲಕನಿಗೆ ಏಳು ತುಂಬುವ ಮೊದಲೇ ತಾಯಿ ತೀರಿಕೊಂಡಳು. ತಂದೆ ಹೆಚ್ಚು ಓದಿದವರಲ್ಲದಿದ್ದರೂ ದೂರದೃಷ್ಟಿಯುಳ್ಳವರು. ಮಗನಿಗೆ ಹನ್ನೊಂದರ ವಯಸ್ಸಾಗುವ ಹೊತ್ತಿಗೆ ಅವನನ್ನು ಹತ್ತಿರದ ನ್ಯೂ ಗ್ಲಾಸ್ಗೋ ಎಂಬ ಸ್ಕಾಟರ ಊರಿಗೆ ಇಂಗ್ಲಿಷ್ ಕಲಿಯಲು ಕಳುಹಿಸಿದರು. ಕ್ಯಾಥೊಲಿಕ್ ಮನೆಯ ಹುಡುಗನೊಬ್ಬ ಪ್ರಾಟೆಸ್ಟಂಟರ ಮನೆಯಲ್ಲಿ ಉಳಿದು, ಅವರ ಊಟ ಉಂಡು, ಅವರ ಭಾಷೆ ಕಲಿತ ಆ ಎರಡು ವರ್ಷಗಳು ಅವನ ಬಾಳಿನ ದಿಕ್ಕನ್ನೇ ನಿರ್ಧರಿಸಿದವು ಎಂದರೆ ಅತಿಶಯೋಕ್ತಿಯಾಗದು. ಅನ್ಯಪಂಥದವರೂ ತನ್ನಂತೆಯೇ ಮನುಷ್ಯರೆಂಬುದನ್ನು ಆ ಬಾಲಕ ಪುಸ್ತಕದಿಂದ ಕಲಿಯಬೇಕಾಗಲಿಲ್ಲ.

ಅಲ್ಲಿಂದ ಪಾದ್ರಿಗಳು ನಡೆಸುತ್ತಿದ್ದ ಲಾಸೋಂಪ್ಸಿಯೋಂ ಕಾಲೇಜಿನಲ್ಲಿ ಏಳು ವರ್ಷಗಳ ಕಠಿಣ ವಿದ್ಯಾಭ್ಯಾಸ. ಲ್ಯಾಟಿನ್, ಫ್ರೆಂಚ್ ಸಾಹಿತ್ಯಗಳಲ್ಲಿ ಅವರಿಗೆ ದೊರೆತ ಸಂಸ್ಕಾರ ಅಲ್ಲಿಯದೇ. ಬಳಿಕ ಮಾಂಟ್ರಿಯಲ್ಲಿನ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಿಂದ 1864ರಲ್ಲಿ ಕಾನೂನು ಪದವಿ ಪಡೆದರು. ಎದೆಯ ಬೇನೆ ತರುಣನನ್ನು ಬಾಧಿಸುತ್ತಿದ್ದುದರಿಂದ ನಗರ ಬಿಟ್ಟು ಹಳ್ಳಿಗಾಡಿಗೆ ಹೋಗಿ ವಕೀಲಿ ಆರಂಭಿಸಿದರು. ಜೊತೆಗೊಂದು ಪತ್ರಿಕೆಯ ಸಂಪಾದಕತ್ವವೂ ಬಂದಿತು. ಪತ್ರಿಕೆಯ ಉದಾರವಾದಿ ಧೋರಣೆ ಆ ಭಾಗದ ಚರ್ಚಿನ ಹಿರಿಯರಿಗೆ ಸಹಿಸಲಿಲ್ಲ. ಅವರ ಆಗ್ರಹಕ್ಕೆ ಗುರಿಯಾದ ಪತ್ರಿಕೆ 1867ರಲ್ಲಿ ನಿಂತುಹೋಯಿತು. ಮರುವರ್ಷ ಜೋಯಿ ಲಾಫೊಂಟೇನ್ ಎಂಬ ಕನ್ಯೆಯೊಡನೆ ವಿವಾಹವಾಯಿತು. ಈ ದಂಪತಿಗಳಿಗೆ ಸಂತಾನವಾಗಲಿಲ್ಲ.

1871ರಲ್ಲಿ ಪ್ರಾಂತದ ಶಾಸನಸಭೆಗೂ 1874ರಲ್ಲಿ ಒಟ್ಟಾವಾದ ಪಾರ್ಲಿಮೆಂಟಿಗೂ ಅವರು ಆರಿಸಿಬಂದರು. ಲಿಬರಲ್ ಎಂಬ ಹೆಸರು ಹೇಳುವುದೇ ಪಾಪವೆಂದು ಕ್ವಿಬೆಕ್ಕಿನ ಚರ್ಚಿನ ಪೀಠಗಳಿಂದ ಬೋಧೆಯಾಗುತ್ತಿದ್ದ ಕಾಲವದು. 1877ರಲ್ಲಿ ಕ್ವಿಬೆಕ್ ನಗರದ ಸಭೆಯೊಂದರಲ್ಲಿ ಲಾರಿಯೆಯವರು ಈ ಗಂಟನ್ನು ಬಿಡಿಸಲು ಮುಂದಾದರು. ಚರ್ಚು ಖಂಡಿಸುವ ಯೂರೋಪಿನ ಉದಾರವಾದವೇ ಬೇರೆ, ಇಂಗ್ಲೆಂಡಿನ ಮಾದರಿಯ ರಾಜಕೀಯ ಉದಾರವಾದವೇ ಬೇರೆ. ನಿಷ್ಠಾವಂತ ಕ್ಯಾಥೊಲಿಕನೂ ಎರಡನೆಯದನ್ನು ಅನುಸರಿಸಬಹುದು ಎಂಬುದೇ ಅವರ ವಾದದ ತಿರುಳು. ಪಾದ್ರಿಗಳಿಗೆ ಮತದಾನದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕುಂಟು, ಮತದಾರನನ್ನು ಬೆದರಿಸುವ ಹಕ್ಕಿಲ್ಲ ಎಂದೂ ಅವರು ಪ್ರತಿಪಾದಿಸಿದರು. ಧರ್ಮವನ್ನು ಬಿಡದೆ, ಧರ್ಮಗುರುಗಳ ರಾಜಕೀಯ ಆಜ್ಞೆಗೂ ತಲೆಬಾಗದೆ ನಿಂತ ಈ ನಿಲುವಿಗೆ ಆ ನಾಡಿನಲ್ಲಿ ಸಣ್ಣ ಧೈರ್ಯವೇನೂ ಸಾಲುತ್ತಿರಲಿಲ್ಲ. ಹತ್ತು ವರ್ಷಗಳ ನಂತರ, 1887ರಲ್ಲಿ, ಅವರು ಲಿಬರಲ್ ಪಕ್ಷದ ನಾಯಕರಾದರು.

ಇನ್ನು ಆ ಶಾಲೆಗಳ ಪ್ರಶ್ನೆ. ಮ್ಯಾನಿಟೋಬಾ ಎಂಬ ಪಶ್ಚಿಮದ ಪ್ರಾಂತದಲ್ಲಿ ಕ್ಯಾಥೊಲಿಕರಿಗೂ ಪ್ರಾಟೆಸ್ಟಂಟರಿಗೂ ಸರ್ಕಾರದ ಹಣದಿಂದಲೇ ಪ್ರತ್ಯೇಕ ಶಾಲೆಗಳು ನಡೆಯುತ್ತಿದ್ದವು. 1890ರಲ್ಲಿ ಪ್ರಾಂತದ ಸರ್ಕಾರ ಈ ಏರ್ಪಾಡನ್ನು ಕಿತ್ತುಹಾಕಿತು. ಫ್ರೆಂಚ್ ಭಾಷೆಯ ಅಧಿಕೃತ ಸ್ಥಾನವನ್ನೂ ಅದೇ ವರ್ಷ ರದ್ದು ಮಾಡಿತು. ಕೇಂದ್ರದ ಕನ್ಸರ್ವೇಟಿವ್ ಸರ್ಕಾರ ಕಾನೂನಿನ ಬಲದಿಂದ ಪ್ರಾಂತವನ್ನು ಮಣಿಸಹೊರಟು, ತನ್ನೊಳಗೇ ಒಡೆದು ಸೋತಿತು. 1896ರ ಚುನಾವಣೆಗೆ ಮುನ್ನ ಕ್ವಿಬೆಕ್ಕಿನ ಬಿಷಪ್ಪರು ಆ ಕಾನೂನನ್ನು ಬೆಂಬಲಿಸುವವರಿಗೇ ಮತ ನೀಡಬೇಕೆಂದು ಸೂಚಿಸಿದ್ದರು. ಆದರೂ ಕ್ವಿಬೆಕ್ಕಿನ 65 ಸ್ಥಾನಗಳಲ್ಲಿ 49 ಲಾರಿಯೆಯವರ ಪಕ್ಷಕ್ಕೆ ದಕ್ಕಿದವು.

ಅಧಿಕಾರಕ್ಕೆ ಬಂದ ಕೆಲವೇ ತಿಂಗಳಲ್ಲಿ ಅವರು ಮ್ಯಾನಿಟೋಬಾದ ಮುಖ್ಯಸ್ಥ ಗ್ರೀನ್‌ವೇ ಅವರೊಡನೆ ಒಂದು ಒಡಂಬಡಿಕೆಗೆ ಬಂದರು. ಪ್ರತ್ಯೇಕ ಶಾಲೆಗಳು ಮರಳಿ ಬರಲಿಲ್ಲ. ಆದರೆ ಸಾರ್ವಜನಿಕ ಶಾಲೆಯಲ್ಲಿ ದಿನದ ಕೊನೆಯ ಅರ್ಧ ಗಂಟೆಯಲ್ಲಿ ಧರ್ಮಬೋಧೆಗೆ ಅವಕಾಶ ದೊರೆಯಿತು. ನಿಗದಿತ ಸಂಖ್ಯೆಯ ಕ್ಯಾಥೊಲಿಕ್ ಮಕ್ಕಳಿದ್ದಲ್ಲಿ ಕ್ಯಾಥೊಲಿಕ್ ಶಿಕ್ಷಕರ ನೇಮಕಕ್ಕೂ ದಾರಿಯಾಯಿತು. ಹತ್ತು ಮಂದಿ ಮಕ್ಕಳ ಮಾತೃಭಾಷೆ ಫ್ರೆಂಚ್ ಅಥವಾ ಇಂಗ್ಲಿಷ್ ಅಲ್ಲದ ಬೇರಾವುದೇ ಭಾಷೆಯಾಗಿದ್ದಲ್ಲಿ, ಆ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಜೋಡಿಯಾಗಿ ಪಾಠ ನಡೆಯಬೇಕೆಂದು ಗೊತ್ತಾಯಿತು. ಆರ್ಚ್‌ಬಿಷಪ್ ಲಾಂಜ್ವೆಂ ಈ ರಾಜಿಯನ್ನು ಒಪ್ಪಲಿಲ್ಲ. ವಿಷಯ ರೋಮಿನವರೆಗೂ ಹೋಯಿತು. 1897ರ ಕೊನೆಯಲ್ಲಿ ಪೋಪ್ ಹದಿಮೂರನೆಯ ಲಿಯೋ ಅವರು ಒಡಂಬಡಿಕೆ ಅಪೂರ್ಣವೆಂದರಾದರೂ ದೊರೆತಷ್ಟನ್ನು ಸ್ವೀಕರಿಸಿ ಸಂಯಮದಿಂದಿರುವಂತೆ ತಿಳಿಸಿದರು. ಅರ್ಧ ಗಂಟೆಗೆ ಧರ್ಮವನ್ನು ಅಳೆದು ಕೊಟ್ಟರೆಂದು ಒಂದು ಪಕ್ಷ ಹಳಿಯಿತು, ಅಷ್ಟನ್ನಾದರೂ ಏಕೆ ಕೊಟ್ಟಿರೆಂದು ಇನ್ನೊಂದು ಪಕ್ಷ ಕೇಳಿತು. ಇಬ್ಬರಿಗೂ ಪೂರ್ಣ ತೃಪ್ತಿಯಾಗದ, ಇಬ್ಬರೂ ಬಾಳಬಹುದಾದ ಮಾರ್ಗವನ್ನು ಹುಡುಕುವುದು ಲಾರಿಯೆಯವರ ರಾಜನೀತಿಯ ರೀತಿಯೇ ಆಗಿತ್ತು.

ಒಡಂಬಡಿಕೆಯ ಆ ಭಾಷಾ ವಾಕ್ಯದಲ್ಲಿ ಯಾರೂ ಎಣಿಸದ ಬೀಜವೊಂದು ಅಡಗಿತ್ತು. ಫ್ರೆಂಚರಿಗಾಗಿ ಬರೆದ ಆ ಮಾತು ಬೇರೆಯವರಿಗೂ ಅನ್ವಯವಾಗುವಂತಿತ್ತು. ಆ ಬೇರೆಯವರು ಆಗಲೇ ಹಡಗು ಹತ್ತುತ್ತಿದ್ದರು. ಕೆನಡಾದ ಪಶ್ಚಿಮದ ಬಯಲುಸೀಮೆ ಸಾವಿರಾರು ಮೈಲಿಗಳ ಕಪ್ಪು ಮಣ್ಣಿನ ಹುಲ್ಲುಗಾವಲು. 1885ರಲ್ಲಿ ರೈಲುಮಾರ್ಗ ಸಮುದ್ರದಿಂದ ಸಮುದ್ರಕ್ಕೆ ಮುಟ್ಟಿದ್ದರೂ ಉಳುವವರಿರಲಿಲ್ಲ. ಲಾರಿಯೆಯವರ ಸಚಿವ ಕ್ಲಿಫರ್ಡ್ ಸಿಫ್ಟನ್ ಈ ಕೊರತೆಯನ್ನು ತುಂಬಲು ಟೊಂಕ ಕಟ್ಟಿದರು. ಹತ್ತು ಡಾಲರು ಶುಲ್ಕ ಕಟ್ಟಿ, ಮೂರು ವರ್ಷ ನೆಲೆಸಿ, ಮನೆ ಕಟ್ಟಿ ಹೊಲ ಮಾಡಿದವನಿಗೆ 160 ಎಕರೆ ಭೂಮಿ ಸ್ವಂತವಾಗುತ್ತಿತ್ತು. ಬ್ರಿಟನ್, ಅಮೆರಿಕಗಳಿಗಷ್ಟೇ ನಿಲ್ಲದೆ ಪೂರ್ವ ಯೂರೋಪಿನ ರೈತರಿಗೂ ಕರೆ ಹೋಯಿತು. ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಗಲೀಷಿಯಾದಿಂದ ಉಕ್ರೇನಿನ ಒಕ್ಕಲಿಗರು ತಂಡತಂಡವಾಗಿ ಬಂದರು. ಆಯುಧ ಹಿಡಿಯೆವೆಂದು ರಷ್ಯದಲ್ಲಿ ಹಿಂಸೆಗೊಳಗಾದ ದೂಖಬೋರ್ ಪಂಥದ ಏಳು ಸಾವಿರಕ್ಕೂ ಮಿಕ್ಕ ಜನ 1899ರಲ್ಲಿ ಬಂದಿಳಿದರು. ಅವರ ಪ್ರಯಾಣದ ವೆಚ್ಚಕ್ಕೆ ಮಹರ್ಷಿ ಟಾಲ್‌ಸ್ಟಾಯ್ ಅವರೂ ನೆರವಾಗಿದ್ದರು. 1896ರಲ್ಲಿ ಹದಿನೇಳು ಸಾವಿರದಷ್ಟಿದ್ದ ವಾರ್ಷಿಕ ವಲಸೆ 1913ರಲ್ಲಿ ನಾಲ್ಕು ಲಕ್ಷ ಮುಟ್ಟಿತು. ವಿನಿಪೆಗ್ ನಗರದ ಜನಸಂಖ್ಯೆ 1901ರಲ್ಲಿ 42 ಸಾವಿರ, 1911ರಲ್ಲಿ 1 ಲಕ್ಷ 36 ಸಾವಿರ. 1905ರಲ್ಲಿ ಸಸ್ಕ್ಯಾಚೆವಾನ್, ಆಲ್ಬರ್ಟಾ ಎಂಬ ಎರಡು ಹೊಸ ಪ್ರಾಂತಗಳೇ ಉದಯಿಸಿದವು. ಅವುಗಳ ಶಾಲೆಗಳ ವಿಷಯದಲ್ಲಿಯೇ ಮತ್ತೆ ಬಿಕ್ಕಟ್ಟು ಹುಟ್ಟಿ ಸಿಫ್ಟನ್ ರಾಜೀನಾಮೆ ಕೊಟ್ಟದ್ದು ಬೇರೆ ಮಾತು.

ಆ ಬಯಲಿನ ಬೇಸಿಗೆ ಮೊಟಕು. ತೆನೆ ಮಾಗುವ ಮುನ್ನವೇ ಹಿಮ ಬಿದ್ದು ಬೆಳೆ ಕೈಬಿಡುತ್ತಿತ್ತು. ಸರ್ಕಾರದ ಕೃಷಿ ಕ್ಷೇತ್ರದಲ್ಲಿ ಚಾರ್ಲ್ಸ್ ಸಾಂಡರ್ಸ್ ಎಂಬ ವಿಜ್ಞಾನಿ ಆರಿಸಿ ಬೆಳೆಸಿದ ಮಾರ್ಕ್ವಿಸ್ ಎಂಬ ಗೋಧಿ ಬೇಗನೆ ಮಾಗಿ ರೈತರನ್ನು ಈ ಕಷ್ಟದಿಂದ ಪಾರುಮಾಡಿತು. ಆ ತಳಿಯ ತಾಯಿ ಭಾರತದ್ದು. ಹಾರ್ಡ್ ರೆಡ್ ಕಲ್ಕತ್ತಾ ಎಂಬ ಗೋಧಿಯನ್ನು ಕೆನಡಾದ ರೆಡ್ ಫೈಫ್ ತಳಿಯೊಡನೆ ಸಂಕರಗೊಳಿಸಿ ಪಡೆದದ್ದು.

ಭಾರತದ ಕಾಳಿಗೆ ದೊರೆತ ಸ್ವಾಗತ ಭಾರತದ ಮನುಷ್ಯನಿಗೆ ದೊರೆಯಲಿಲ್ಲ. ಲಾರಿಯೆಯವರ ಚರಿತ್ರೆಯನ್ನು ಬರೆಯುವವರು ಈ ಪುಟವನ್ನು ಮಗುಚಿ ಮುಂದೆ ಹೋಗುವಂತಿಲ್ಲ. ರೈಲುಮಾರ್ಗ ಹಾಕಲು ದುಡಿದ ಚೀನೀಯರ ಮೇಲೆ 1885ರಿಂದಲೇ 50 ಡಾಲರುಗಳ ತಲೆಗಂದಾಯವಿತ್ತು. ಲಾರಿಯೆಯವರ ಸರ್ಕಾರ 1900ರ ಕಾಯಿದೆಯಿಂದ ಅದನ್ನು 100ಕ್ಕೂ 1903ರ ಕಾಯಿದೆಯಿಂದ 500ಕ್ಕೂ ಏರಿಸಿತು. 1907ರ ಸೆಪ್ಟೆಂಬರಿನಲ್ಲಿ ವ್ಯಾಂಕೂವರಿನಲ್ಲಿ ಬಿಳಿಯರ ಗುಂಪು ಚೀನೀ, ಜಪಾನೀ ಕೇರಿಗಳ ಮೇಲೆ ಬಿದ್ದು ಅಂಗಡಿಗಳನ್ನು ಪುಡಿಮಾಡಿತು. ಅದೇ ಕಾಲಕ್ಕೆ ಪಂಜಾಬಿನ ಸಿಖ್ಖರು ಮರದ ಕಾರ್ಖಾನೆಗಳ ಕೂಲಿಗಾಗಿ ಆ ತೀರಕ್ಕೆ ಬರುತ್ತಿದ್ದರು. ಅವರಲ್ಲಿ ಬ್ರಿಟಿಷ್ ಸೇನೆಯಿಂದ ನಿವೃತ್ತರಾದವರೂ ಇದ್ದರು. ಅವರು ಒಂದೇ ಚಕ್ರವರ್ತಿಯ ಪ್ರಜೆಗಳಾದುದರಿಂದ ಬರಬೇಡಿರೆಂದು ನೇರವಾಗಿ ಹೇಳುವುದು ಲಂಡನ್ನಿಗೆ ಮುಜುಗರ. ಆದುದರಿಂದ 1908ರಲ್ಲಿ ಹೊಸದೊಂದು ನಿಯಮ ಹೊರಟಿತು: ಹುಟ್ಟಿದ ದೇಶದಿಂದ ನೇರ ಟಿಕೆಟ್ ಪಡೆದು, ನಡುವೆ ಎಲ್ಲಿಯೂ ಪ್ರಯಾಣ ಮುರಿಯದೆ ಬಂದವರಿಗೆ ಮಾತ್ರ ಪ್ರವೇಶ. ಭಾರತದಿಂದ ಅಂಥ ಟಿಕೆಟ್ ದೊರೆಯುತ್ತಿರಲಿಲ್ಲ. ನಿಯಮದಲ್ಲಿ ಭಾರತದ ಹೆಸರಿರಲಿಲ್ಲ, ಬಾಗಿಲು ಮಾತ್ರ ಮುಚ್ಚಿತ್ತು. ಬಂದವರ ಕೈಯಲ್ಲಿ 200 ಡಾಲರುಗಳಿರಬೇಕೆಂಬ ಷರತ್ತೂ ಅದಕ್ಕೆ ಸೇರಿತು. ಲಾರಿಯೆಯವರು ಅಧಿಕಾರ ಬಿಟ್ಟ ಮೇಲೆ, 1914ರಲ್ಲಿ, 376 ಪ್ರಯಾಣಿಕರೊಡನೆ ಬಂದ ಕೊಮಗಾತ ಮಾರು ಹಡಗು ಎರಡು ತಿಂಗಳು ಬಂದರಿನಲ್ಲೇ ತಡೆಯಲ್ಪಟ್ಟು ಹಿಂದಿರುಗಿತು. ಆ ಬಾಗಿಲ ಅಗುಳಿ ಹಾಕಿದ್ದು ಅವರ ಕಾಲದಲ್ಲಿಯೇ. ಕೆನಡಾದ ಪಾರ್ಲಿಮೆಂಟಿನಲ್ಲಿ ತಲೆಗಂದಾಯಕ್ಕಾಗಿ 2006ರಲ್ಲಿಯೂ ಕೊಮಗಾತ ಮಾರು ಘಟನೆಗಾಗಿ 2016ರಲ್ಲಿಯೂ ಪ್ರಧಾನಮಂತ್ರಿಗಳು ಕ್ಷಮೆ ಕೇಳಿದರು.

ದೇಶದ ಮೂಲನಿವಾಸಿಗಳ ವಿಷಯವೂ ಹೀಗೆಯೇ. ಅವರ ಮಕ್ಕಳನ್ನು ತಾಯ್ತಂದೆಗಳಿಂದ ಬಿಡಿಸಿ, ಅವರ ನುಡಿಯನ್ನು ಮರೆಸಲೆಂದೇ ಚರ್ಚುಗಳು ಸರ್ಕಾರದ ಹಣದಿಂದ ವಸತಿಶಾಲೆಗಳನ್ನು ನಡೆಸುತ್ತಿದ್ದವು. 1907ರಲ್ಲಿ ಸರ್ಕಾರದ ವೈದ್ಯಾಧಿಕಾರಿ ಪೀಟರ್ ಬ್ರೈಸ್ ಪಶ್ಚಿಮದ ಅಂಥ ಶಾಲೆಗಳನ್ನು ಪರಿಶೀಲಿಸಿ, ವಿವರ ದೊರೆತ 1,537 ವಿದ್ಯಾರ್ಥಿಗಳಲ್ಲಿ ಸುಮಾರು ಕಾಲುಭಾಗ ಸತ್ತಿದ್ದಾರೆಂದೂ ಕ್ಷಯವೇ ಅದಕ್ಕೆ ಮುಖ್ಯ ಕಾರಣವೆಂದೂ ವರದಿ ಮಾಡಿದರು. ಸರ್ಕಾರ ಆ ವರದಿಯಂತೆ ನಡೆಯಲಿಲ್ಲ. ಫ್ರೆಂಚ್ ಮಕ್ಕಳ ಮಾತೃಭಾಷೆಗಾಗಿ ಅಷ್ಟು ಶ್ರಮಿಸಿದ ಮುತ್ಸದ್ದಿಗೆ ಈ ಮಕ್ಕಳ ಮಾತೃಭಾಷೆ ಕೇಳಿಸದೆಹೋದದ್ದು ಶೋಚನೀಯ.

ಉಳಿದ ರಾಜಕೀಯವನ್ನು ಸಂಕ್ಷೇಪವಾಗಿ ಹೇಳಬಹುದು. 1899ರಲ್ಲಿ ದಕ್ಷಿಣ ಆಫ್ರಿಕದ ಬೋಯರ್ ಯುದ್ಧಕ್ಕೆ ಸೈನ್ಯ ಕಳುಹಿಸಬೇಕೆಂದು ಆಂಗ್ಲರು, ಕೂಡದೆಂದು ಫ್ರೆಂಚರು ಪಟ್ಟು ಹಿಡಿದಾಗ ಅವರು ಸ್ವಯಂಸೇವಕರನ್ನಷ್ಟೇ ಕಳುಹಿಸಿದರು. ಅಷ್ಟಕ್ಕೇ ಅವರ ಶಿಷ್ಯಪ್ರಾಯರಾದ ಆಂರಿ ಬುರಾಸಾ ಸಿಡಿದು ದೂರವಾದರು. 1910ರಲ್ಲಿ ಸಣ್ಣ ನೌಕಾಪಡೆಯೊಂದನ್ನು ಕಟ್ಟಿದರೆ ಆಂಗ್ಲರಿಗೆ ಅದು ಅಲ್ಪವಾಯಿತು, ಕ್ವಿಬೆಕ್ಕಿಗೆ ಅತಿಯಾಯಿತು. ಅಮೆರಿಕದೊಡನೆ ಸುಂಕ ಇಳಿಸುವ ಒಪ್ಪಂದವನ್ನು ಮುಂದಿಟ್ಟು 1911ರ ಚುನಾವಣೆಗೆ ಹೋಗಿ ಸೋತರು.

ಮುಪ್ಪು ಅವರಿಗೆ ಕಹಿಯನ್ನೇ ತಂದಿತು. ಮ್ಯಾನಿಟೋಬಾದ ಒಡಂಬಡಿಕೆಯ ಆಸರೆಯಲ್ಲಿ ಉಕ್ರೇನಿಯನ್, ಪೋಲಿಷ್, ಜರ್ಮನ್ ಮಕ್ಕಳಿಗೂ ಜೋಡಿ ಭಾಷೆಯ ಶಾಲೆಗಳು ಬೆಳೆದಿದ್ದವು. ಉಕ್ರೇನಿಯನ್ ಶಿಕ್ಷಕರಿಗಾಗಿ 1905ರಲ್ಲಿ ತರಬೇತಿ ಶಾಲೆಯೂ ತೆರೆದಿತ್ತು. ಯುದ್ಧದ ಉದ್ವೇಗದ ನಡುವೆ 1916ರಲ್ಲಿ ಪ್ರಾಂತದ ಸರ್ಕಾರ ಆ ಏರ್ಪಾಡನ್ನೆಲ್ಲ ರದ್ದುಗೊಳಿಸಿತು. ಇಪ್ಪತ್ತು ವರ್ಷ ನಿಂತ ಕಟ್ಟಡ ಕಟ್ಟಿದವರ ಕಣ್ಣೆದುರೇ ಕುಸಿಯಿತು. ಮರುವರ್ಷ ಕಡ್ಡಾಯ ಸೈನ್ಯಭರ್ತಿಯ ಪ್ರಶ್ನೆ ಎದ್ದಿತು. ಲಾರಿಯೆಯವರು ಅದನ್ನು ವಿರೋಧಿಸಿದರು. ಆಂಗ್ಲ ಲಿಬರಲರು ಅನೇಕರು, ದಶಕಗಳ ಗೆಳೆಯರೂ ಸಹ, ಅವರನ್ನು ಬಿಟ್ಟು ಎದುರು ಪಾಳೆಯ ಸೇರಿದರು. ಆ ಚುನಾವಣೆಯಲ್ಲಿ ಅವರಿಗೆ ದೊರೆತ 82 ಸ್ಥಾನಗಳಲ್ಲಿ 62 ಕ್ವಿಬೆಕ್ಕಿನವು. ಭಾಷೆಯ ಗಡಿಯಗುಂಟ ದೇಶ ಸೀಳಬಾರದೆಂದು ಜೀವಮಾನವಿಡೀ ಹೆಣಗಿದವರು ಕಡೆಗೆ ಒಂದೇ ಭಾಷೆಯವರ ನಾಯಕರಾಗಿ ಉಳಿದರು.

1919ರ ಫೆಬ್ರವರಿ 17ರಂದು ಒಟ್ಟಾವಾದಲ್ಲಿ ಅವರು ತೀರಿಕೊಂಡರು. ಆಗಲೂ ಪಾರ್ಲಿಮೆಂಟಿನ ಸದಸ್ಯರಾಗಿದ್ದರು. ಅಂತ್ಯಯಾತ್ರೆಗೆ ಎರಡೂ ಭಾಷೆಗಳ ಜನ ಸಹಸ್ರಾರು ಸಂಖ್ಯೆಯಲ್ಲಿ ಸೇರಿದರು. ಎರಡು ವರ್ಷಗಳ ಬಳಿಕ ಪತ್ನಿಯೂ ಗತಿಸಿದರು. ಅವರು ತಮ್ಮ ಮನೆಯನ್ನು ಪತಿಯ ಉತ್ತರಾಧಿಕಾರಿಯಾಗಿ ಲಿಬರಲ್ ನಾಯಕತ್ವ ವಹಿಸಿದ್ದ ಮೆಕೆಂಜಿ ಕಿಂಗ್ ಅವರಿಗೆ ಬರೆದಿಟ್ಟಿದ್ದರು. 1907ರ ವ್ಯಾಂಕೂವರ್ ದೊಂಬಿಯ ನಷ್ಟವನ್ನು ವಿಚಾರಣೆ ಮಾಡಿದ ಅಧಿಕಾರಿ ಇದೇ ಕಿಂಗ್. ಅವರು ಪ್ರಧಾನಮಂತ್ರಿಯಾಗಿದ್ದಾಗ, 1923ರಲ್ಲಿ, ತಲೆಗಂದಾಯ ಹೋಗಿ ಅದರ ಸ್ಥಾನದಲ್ಲಿ ಚೀನೀಯರ ವಲಸೆಯನ್ನೇ ಹೆಚ್ಚುಕಡಿಮೆ ಪೂರ್ಣವಾಗಿ ನಿಲ್ಲಿಸುವ ಕಾಯಿದೆ ಬಂದಿತು. ಅದು ರದ್ದಾದದ್ದು 1947ರಲ್ಲಿ.